ಹಾರುವುದಕ್ಕೆ ಹಿಂದಿನ ದಿನ

ನಮ್ಮ ಶಂಕರಣ್ಣನಿಗೆ ಬಸ್ಸು ಹತ್ತುವ ಮೊದಲು ಅದನ್ನು ಒಂದು ಸುತ್ತು ಹಾಕುವ ರೂಢಿಯಿತ್ತು. ಜನ ಗುಡಿಗೆ ಪ್ರದಕ್ಷಿಣೆ ಹಾಕುತ್ತಾರೆ, ಇವನು ಬಸ್ಸಿಗೆ ಹಾಕುತ್ತಿದ್ದ. ನಾಲ್ಕೂ ಗಾಲಿ ನೋಡಿ, ಬಗ್ಗಿ ತಳ ನೋಡಿ, ಆಮೇಲೆ ಹತ್ತುವವನು. ರಜೆಯ ಕೊನೆಯ ದಿನ ನಾವಿಬ್ಬರೂ ರೋಣದಿಂದ ಗಜೇಂದ್ರಗಡಕ್ಕೆ ಹೊರಟಾಗಲೂ ಹಾಗೆಯೇ ಮಾಡಿದ. ಡ್ರೈವರನಿಗೆ ಸಿಟ್ಟು ಬಂತು.

“ಸಾಹೇಬ್ರ, ನಮ್ಮ ಗಾಡಿ ಹಾರಂಗಿಲ್ಲರಿ.”

“ಹಾರಬಾರದು ಅಂತನ ನೋಡಾಕತ್ತೇನಪಾ” ಅಂದ ಅಣ್ಣ.

ಇಡೀ ಬಸ್ಸು ನಕ್ಕಿತು. ನಾನು ಮಾತ್ರ ಅವನ ಪರಿಚಯವೇ ಇಲ್ಲದವನಂತೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಅಣ್ಣ ವಿಮಾನ ನಡೆಸುವವನು. ಯುದ್ಧದ ಕಾಲದಲ್ಲಿ ವಿಮಾನದಳ ಸೇರಿ, ಯುದ್ಧ ಮುಗಿದ ಮೇಲೆ ಪ್ರಯಾಣಿಕರ ಡಕೋಟಾ ವಿಮಾನಕ್ಕೆ ಪೈಲಟ್ ಆದ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದು ನಿಲ್ಲಿಸಿ, ರೋಣದ ಪೇಟೆಯಲ್ಲಿ ಗಜಕೋಲು ಹಿಡಿದು ಬಟ್ಟೆ ಅಳೆಯುವವನು. ಅವನು ಆಕಾಶದಲ್ಲಿ ನೂರಾರು ಮೈಲಿ ದಾಟುವ ಹೊತ್ತಿಗೆ ನಾನು ಐದು ಗಜ ಅಳೆದು ಅರ್ಧ ಗಜಕ್ಕೆ ವಾದ ಮಾಡುತ್ತಿರುತ್ತಿದ್ದೆ. ಒಬ್ಬಳೇ ತಾಯಿ ಇಂಥ ಇಬ್ಬರನ್ನು ಹೇಗೆ ಹೆತ್ತಳೆಂದು ಊರವರಿಗೆ ಸೋಜಿಗ. ನನಗೂ ಅಷ್ಟೇ.

ಅಂದು ನೇಕಾರರ ಮನೆಗಳಲ್ಲಿ ಸೀರೆ ಆರಿಸಿ ಗಂಟು ಕಟ್ಟಿಸಿ, ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯಲು ಕುಳಿತೆವು. ಹೋಟೆಲಿನ ಬಸಪ್ಪ ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆ ಹೊರಗೆ ತೆಗೆದ.

“ಸಾಹೇಬ್ರ, ಹಾರೂ ಮುಂದ ಒಂದೀಟ ಹಾಕ್ಕೋತಾರಂತಲ್ರಿ, ಖರೇ ಏನ್ರಿ? ಇಲ್ಲಂದ್ರ ಎದಿ ಹ್ಯಾಂಗ ತಡಕೋತೈತಿ?”

ಆಗ ನಮ್ಮದು ಮುಂಬಯಿ ಸರಕಾರ, ದಾರೂಬಂದಿಯ ಕಾಲ. ಆ ಮಾತು ಬಂದ ಕೂಡಲೇ ಚಹಾ ಕುಡಿಯುವವರೆಲ್ಲ ಕಿವಿ ನಿಮಿರಿಸಿದರು. ಅಣ್ಣ ಸಣ್ಣ ಹುಡುಗರಿಗೆ ಮಗ್ಗಿ ಹೇಳಿಕೊಟ್ಟಂತೆ ಶಾಂತವಾಗಿ ಹೇಳಿದ: “ಇಲ್ಲೋ ಬಸಪ್ಪಾ. ಹಾರೂದಕ್ಕ ಹಿಂದಿನ ದಿನಾನೂ ಮುಟ್ಟಂಗಿಲ್ಲ. ಅದು ನಮ್ಮ ಕಾಯ್ದೆ.”

ಮೂಲೆಯಿಂದ ಒಬ್ಬ ಮುದುಕ ಕೇಳಿದ: “ಹಂಗಾರ, ಅದರ ಹಿಂದಿನ ದಿನ?”

ಹೋಟೆಲು ಹಾರಿ ಹೋಗುವಂತೆ ನಗೆ ಎದ್ದಿತು. ಅಣ್ಣನೂ ನಕ್ಕ, ಎರಡು ಮಿರ್ಚಿ ಭಜಿ ತರಿಸಿದ. ಮರುದಿನ ಬೆಳಿಗ್ಗೆ ಗದಗಿನ ಬಸ್ಸನ್ನು ಸುತ್ತು ಹಾಕಿ ಹತ್ತಿದವನು ಮತ್ತೆ ಬರಲಿಲ್ಲ. ಒಂದೂವರೆ ತಿಂಗಳಿಗೆ ಕಲಕತ್ತೆಯಿಂದ ತಂತಿ ಬಂತು. ಕಾಮಾಲೆ, ಅಂದರೆ ನಮ್ಮ ಕಡೆಯ ಕಾಮಣಿ, ಆಗಿದೆ, ದವಾಖಾನೆಯಲ್ಲಿದ್ದಾನೆ ಎಂದು. ಮೂರು ರೈಲು ಬದಲಿಸಿ ನಾನು ಅಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಲ್ಲೋ ಕೆಟ್ಟ ನೀರು ಕುಡಿದದ್ದರಿಂದ ಬಂದ ಕಾಮಣಿ ಎಂದು ಡಾಕ್ಟರು ಹೇಳಿದರು.

ಆದರೆ ಕಾಮಣಿ ಅಂದರೆ ನಮ್ಮ ಕಡೆ ನೀರು ಯಾರಿಗೆ ನೆನಪಾಗುತ್ತದೆ? ನೆನಪಾಗುವುದು ಹೆಂಡವೇ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿಯಬಾರದು ಎನ್ನುತ್ತಾರೆ. ಅಣ್ಣ ಈಚಲ ಮರಕ್ಕಿಂತ ಎಷ್ಟೋ ಮೇಲೆ ಹಾರುತ್ತಿದ್ದವನು, ಆದರೂ ಜನ ಬಿಡಲಿಲ್ಲ. ಮಾತನಾಡಿಸಲು ಬಂದವರು ಮೊದಲು ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ದನಿ ಇಳಿಸಿ, “ಕಾಮಣಿ ಹ್ಯಾಂಗ ಬಂತಂತ?” ಎಂದು ಕೇಳುತ್ತಿದ್ದರು. ಉತ್ತರ ಅವರ ಹತ್ತಿರ ಸಿದ್ಧವಾಗಿಯೇ ಇರುತ್ತಿತ್ತು. ಗಜೇಂದ್ರಗಡದ ಮುದುಕನ ಮಾತು ನಮಗಿಂತ ಮೊದಲೇ ರೋಣಕ್ಕೆ ಬಂದು ಕುಳಿತಿತ್ತು.

ಒಂದು ವಿಚಾರ ನನಗೆ ಆಗಾಗ ಬರುತ್ತದೆ. ಮನುಷ್ಯ ಕೆಲಸದಲ್ಲಿದ್ದಾಗ ಹೇಗಿದ್ದಾನೆ ಎನ್ನುವುದಕ್ಕಿಂತ ಬಿಡುವಿನಲ್ಲಿ ಏನು ಮಾಡುತ್ತಾನೆ ಎಂಬುದರ ಮೇಲೆಯೇ ಜನರ ಕಣ್ಣು. ವೈದ್ಯ ಕೆಮ್ಮಿದರೆ ನಗುತ್ತಾರೆ. ಸಿಂಪಿಗನ ಅಂಗಿಯ ಗುಂಡಿ ಹರಿದಿದ್ದರೆ ಅವನ ಹೊಲಿಗೆಯ ಬಗ್ಗೆಯೇ ಸಂಶಯ ಪಡುತ್ತಾರೆ. ನಮ್ಮ ಸಾಲಿ ಮಾಸ್ತರರು ಒಮ್ಮೆ ನಾಟಕದ ತಂಬುವಿನ ಎದುರು ಸೀಟಿ ಹೊಡೆದದ್ದಕ್ಕೆ ಒಂದು ವರ್ಷ ಹುಡುಗರು ಅವರ ಮಾತು ಕೇಳಲಿಲ್ಲ. ಇವರೆಲ್ಲ ಕಣ್ಣೆದುರಿಗೆ ಕೆಲಸ ಮಾಡುವವರು. ಅಂಗಿ ಬಿಗಿಯಾದರೆ ತಿರುಗಿ ತಂದು ಬೈಯಬಹುದು. ಪೈಲಟನ ಕೆಲಸ ಹಾಗಲ್ಲ. ಅವನು ಬಾಗಿಲ ಆಚೆ ಕುಳಿತಿರುತ್ತಾನೆ, ಹಿಂದೆ ಕುಳಿತವರು ಅವನ ಮುಖವನ್ನೂ ನೋಡಿರುವುದಿಲ್ಲ. ಅವನು ನಿನ್ನೆ ಎಲ್ಲಿದ್ದ, ಏನು ಕುಡಿದ, ಎಷ್ಟು ನಿದ್ದೆ ಮಾಡಿದ, ಇದನ್ನು ಯಾರೂ ಕಾಣರು. ಯಾರೂ ಕಾಣದ ನಿನ್ನೆಯನ್ನು ನಂಬಿ ಇಷ್ಟು ಜನ ಕಣ್ಣು ಮುಚ್ಚಿ ಕೂರುತ್ತಾರೆ.

ಈ ವಿಚಾರವೆಲ್ಲ ಆಮೇಲಿನದು. ಆಗ ನಾನು ಮಾಡಿದ್ದು ಆಣೆ. ಅಂಗಡಿಯಲ್ಲಿ ಯಾರಾದರೂ ಕಾಮಣಿಯ ಮಾತು ತೆಗೆದರೆ ಗಜಕೋಲು ಕೆಳಗಿಟ್ಟು, “ನಮ್ಮಣ್ಣ ಒಂದ ಹನಿ ಮುಟ್ಟಿದಾಂವ ಅಲ್ಲ, ವೀರಭದ್ರನ ಆಣಿ” ಎನ್ನುತ್ತಿದ್ದೆ. ನರಗುಂದದ ಸಂತೆಗೆ ಹೋದಾಗ ಅಲ್ಲಿಯೂ ಆಣೆ ಮಾಡಿದೆ. ನಾನು ಆಣೆ ಮಾಡಿದಷ್ಟೂ ಅವರ ಮುಖದಲ್ಲಿ ನಂಬಿಕೆ ಕಡಿಮೆಯಾಗುತ್ತಿತ್ತು. ಕಡೆಗೆ ಒಬ್ಬ ಹಳೆಯ ಗಿರಾಕಿಯೇ ಹೇಳಿದ: “ತಮ್ಮಾ, ಬಣ್ಣ ಬಿಡಂಗಿಲ್ಲ ಅಂತ ಆಣಿ ಮಾಡಿ ಕೊಟ್ಟ ಸೀರಿ ಮೊದಲನೇ ಸಲ ತೋದಾಗನ ಬಣ್ಣ ಬಿಡ್ತೈತಿ.” ಹತ್ತು ವರ್ಷ ಬಟ್ಟೆ ಮಾರಿದ ನನಗೆ ಇಷ್ಟು ತಿಳಿಯಬಾರದೆ?

ನನಗಾದರೂ ಅಂಗಡಿಯಿತ್ತು, ಕೈಯಲ್ಲಿ ಕೆಲಸವಿತ್ತು. ಅವ್ವನಿಗೆ ಏನೂ ಇರಲಿಲ್ಲ. ನೀರಿಗೆ ಹೋಗುವುದನ್ನು ಬಿಟ್ಟಳು. ಮಗ ಹೋದ ದುಃಖದ ಜೊತೆ ಮಗನ ಹೆಸರೂ ಹೋಗುತ್ತಿರುವುದನ್ನು ಆಕೆ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು. ನನ್ನನ್ನು ಮಾತ್ರ ಒಂದು ಸಲವೂ “ಖರೇ ಏನೋ?” ಎಂದು ಕೇಳಲಿಲ್ಲ. ನನಗೂ ಗೊತ್ತಿಲ್ಲ ಎಂಬುದು ಆಕೆಗೆ ಗೊತ್ತಿತ್ತೆಂದು ಕಾಣುತ್ತದೆ.

ಮೂರು ತಿಂಗಳಾದ ಮೇಲೆ ಅಣ್ಣನ ಟ್ರಂಕು ತೆಗೆದುಕೊಂಡು ಅವನ ಜೊತೆಗಾರ ಪೈಲಟರೊಬ್ಬರು ಬಂದರು. ದೇಸಾಯಿ ಎಂದು, ಬೆಳಗಾವಿ ಕಡೆಯವರು. ಎತ್ತರದ ಆಳು, ನಮ್ಮ ಪಡಸಾಲೆಯ ತೊಲೆಗೆ ಎರಡು ಸಲ ತಲೆ ಬಡಿಸಿಕೊಂಡರು. ಅವರು ಮಂಡಿ ಮಡಿಸಿ ಕುಳಿತದ್ದೇ ತಡ, ಅವ್ವ ನೀರು ಕೊಡುವುದಕ್ಕೂ ಮೊದಲು ಕೇಳಿದಳು.

“ನಮ್ಮ ಶಂಕ್ರ ಕುಡೀತಿದ್ನೇನಪಾ?”

ನಾನು ಅವರಿಗೆ ಕಣ್ಸನ್ನೆ ಮಾಡಿದೆ. ಅವರು ನೋಡಲಿಲ್ಲವೋ, ನೋಡಿಯೂ ಬಿಟ್ಟರೋ.

“ಕುಡೀತಿದ್ದರಿ ಅವ್ವಾರ. ಭಾಳ ಕಡಿಮಿ. ವರ್ಷದಾಗ ಎರಡ ಮೂರ ಸಲ.”

ವೀರಭದ್ರನಿಗೆ ನಾನು ಎಷ್ಟು ತೆಂಗಿನಕಾಯಿ ಬಾಕಿ ಬಿದ್ದೆನೆಂದು ಆ ಕ್ಷಣ ಮನಸ್ಸಿಗೆ ಬಂತು. ಇಂಥ ಹೊತ್ತಿನಲ್ಲಿ ಬರಬಾರದ ವಿಚಾರ, ಆದರೆ ಬಂತು.

ದೇಸಾಯಿಯವರು ಮುಂದೆ ಹೇಳಿದರು. ಕೆಲವು ವರ್ಷಗಳ ಹಿಂದೆ ಒಮ್ಮೆ ಕಲಕತ್ತೆಯಲ್ಲಿ ಅಣ್ಣನಿಗೆ ಎರಡು ದಿನ ಬಿಡುವಿತ್ತು. ಗೆಳೆಯನ ಮದುವೆಯ ಊಟಕ್ಕೆ ಹೋಗಿ ಅಲ್ಲಿ ಒಂದು ಗ್ಲಾಸು ತೆಗೆದುಕೊಂಡಿದ್ದ. ಅಷ್ಟರಲ್ಲಿ ಆಫೀಸಿನಿಂದ ಆಳು ಓಡಿ ಬಂದ. ಸಂಜೆ ಹೊರಡುವ ವಿಮಾನದ ಪೈಲಟನಿಗೆ ಜ್ವರ, ನೀನು ಹೋಗಬೇಕು ಎಂದ. ಒಂದೇ ಗ್ಲಾಸು, ಬಾಯಲ್ಲಿ ಎಲೆ ಅಡಿಕೆ ಬೇರೆ. ಯಾರಿಗೂ ತಿಳಿಯುತ್ತಿರಲಿಲ್ಲ. ಅಣ್ಣ ಅದೇ ಮದುವೆಯ ಅಂಗಿಯಲ್ಲಿ ಆಫೀಸಿಗೆ ಹೋಗಿ, ಸಾಹೇಬನ ಎದುರು ನಿಂತು, “ನಾನು ಕುಡಿದಿದ್ದೇನೆ, ಇವತ್ತು ಹಾರಿಸಲಾರೆ” ಎಂದ. ಬೇರೆ ಪೈಲಟ್ ಸಿಗಲಿಲ್ಲ. ಪ್ರಯಾಣಿಕರು ಮರುದಿನ ಹೋದರು, ಹೋಗುವಾಗ ಬೈದು ಹೋದರು. ಸಾಹೇಬ ಅವನ ನೌಕರಿಯ ಕಾಗದದಲ್ಲಿ ಕೆಂಪು ಶಾಯಿಯಿಂದ ತಪ್ಪಿನ ಶೆರಾ ಬರೆದ. ಅಣ್ಣ ಕ್ಯಾಪ್ಟನ್ ಆಗುವುದು ಒಂದು ವರ್ಷ ತಡವಾಯಿತು.

“ನಾವೆಲ್ಲಾ ಅವಗ ಹುಚ್ಚ ಅಂದ್ವಿರಿ” ಅಂದರು ದೇಸಾಯಿ. “ಬಿಡುವಿನ ದಿನ ಕುಡದದ್ದು ತಪ್ಪಲ್ಲ. ಸುಮ್ಮನ ಹೊಟ್ಟಿನೋವು ಅಂದಿದ್ರ ಮುಗೀತಿತ್ತು. ಆದ್ರ ಅವತ್ತಿನಿಂದ ಏನಾತು ಗೊತ್ತೇನ್ರಿ? ಶಂಕ್ರ ‘ನಾ ತಯಾರ ಅದೀನಿ’ ಅಂದ್ರ, ಅವನ್ನ ಯಾರೂ ಎರಡನೇ ಸಲ ಕೇಳಲಿಲ್ಲ. ನನ್ನ ಹೇಣ್ತಿ ಮಕ್ಕಳನ್ನ ಕಳಿಸೂ ಮುಂದ ನಾ ಅವನ ವಿಮಾನ ಯಾವತ್ತ ಐತಿ ಅಂತ ನೋಡಿ ಕಳಿಸ್ತಿದ್ದೆ.”

ಅವ್ವ ನೀರಿನ ತಂಬಿಗೆ ತಂದು ಅವರ ಮುಂದೆ ಇಟ್ಟಳು. ಆಮೇಲೆ, “ತಾನ ಹೋಗಿ ಹೇಳಿದ್ನೇನು?” ಎಂದಳು.

“ಹೌದ್ರಿ. ತಾನ.”

“ಹಂಗಾರ ಸಾಕು” ಎಂದು ಎದ್ದು ಅಡಿಗೆ ಮನೆಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ಅಣ್ಣ ಹೋದ ಮೇಲೆ ನಮ್ಮ ಮನೆಯಲ್ಲಿ ಅವ್ವನ ಕೈಯ ರೊಟ್ಟಿಯ ಸಪ್ಪಳ ಕೇಳಿದ್ದು ಅಂದೇ ಮೊದಲು.

ಮರುದಿನ ಕೊಡ ತೆಗೆದುಕೊಂಡು ಬಾವಿಗೆ ಹೊರಟಳು. ಅಲ್ಲಿ ನಡೆದದ್ದನ್ನು ನನಗೆ ಮೂರು ಮನೆಯವರು ಬಂದು ಹೇಳಿದರು. ಚಕ್ಕಡಿ ಹೊಡೆಯುವ ರುದ್ರಪ್ಪನ ಹೆಂಡತಿ ನೀಲವ್ವ ಮರುಗಿದವಳಂತೆ, “ಯಕ್ಕಾ, ಅಷ್ಟ ಕಲ್ತ ಮಗಾ ಅದನ್ನ ಕಲೀಬಾರದಿತ್ತು ನೋಡ” ಎಂದಳಂತೆ. ಅವ್ವ ಹಗ್ಗ ಜಗ್ಗುತ್ತಲೇ ಹೇಳಿದಳಂತೆ:

“ಕುಡೀತಿದ್ದ ನೀಲವ್ವಾ. ಆದ್ರ ಕುಡದ ದಿನ ಗಾಡಿ ಮುಟ್ಟತಿದ್ದಿಲ್ಲ. ನಿನ್ನ ಗಂಡ ಕುಡದ ದಿನಾನ ಚಕ್ಕಡಿ ಹೂಡತಾನ. ಪುಣ್ಯಾಕ್ಕ ಎತ್ತು ಕುಡಿಯಂಗಿಲ್ಲ, ಅದಕ್ಕ ಮನೀ ಮುಟ್ಟತಾನ.”

ಬಾವಿಯ ಸುತ್ತ ನಗೆ ಎದ್ದು, ನೀಲವ್ವನೂ ನಕ್ಕಳಂತೆ. ಅಲ್ಲಿಗೆ ಕಾಮಣಿಯ ಮಾತು ಊರಲ್ಲಿ ನಿಂತಿತು. ನನ್ನ ಇಪ್ಪತ್ತು ಆಣೆಗಳಿಂದ ಆಗದ್ದು ಅವ್ವನ ಒಂದು ‘ಹೌದು’ ಎಂಬುದರಿಂದ ಆಯಿತು. ಇಲ್ಲ ಎನ್ನುವವನನ್ನು ಊರು ಬೆನ್ನಟ್ಟುತ್ತದೆ. ಹೌದು ಎಂದವರ ಹಿಂದೆ ಓಡಿ ಏನು ಮಾಡುವುದು?

ಅಣ್ಣನ ಹೆಸರು ಈಗ ಊರಲ್ಲಿ ಚೆನ್ನಾಗಿದೆ. ನಾನು ಮಾತ್ರ ಅವನನ್ನು ಒಂದು ಸಲವೂ ‘ಕುಡೀತೀಯೇನು?’ ಎಂದು ಕೇಳಿರಲಿಲ್ಲ. ಕೇಳದೆಯೇ ಅವನ ಪರವಾಗಿ ದೇವರ ಮೇಲೆ ಆಣೆ ಮಾಡಿದೆ. ಕೇಳಿದ್ದರೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ, ಯಾರಿಗೂ ಹೇಳದೆ ಇಟ್ಟುಕೊಂಡವನಲ್ಲ. ಅವನ ಬಗ್ಗೆ ನನಗೆ ತಿಳಿದದ್ದೆಲ್ಲ ಬೇರೆಯವರು ಹೇಳಿದ್ದು. ಅವನೇ ಹೇಳಿದ್ದು ನನ್ನ ಹತ್ತಿರ ಇಲ್ಲ.