ತಂಬಾಕು ಹದಕ್ಕೆ ಬರುವತನಕ

ವೆಂಕೋಬ ಮಹಾ ದೈವಭಕ್ತನೆಂದು ಇದನ್ನು ಬರೆಯುತ್ತಿರುವವನು ಬಹುದಿನ ನಂಬಿದ್ದ. ಗಿಣಿಗೇರಾದ ಕಾರ್ಖಾನೆಯಲ್ಲಿ ಟಿಪ್ಪರ್ ನಿಲ್ಲಿಸಿದ ಮೇಲೂ ಅವನು ಇಳಿಯುತ್ತಿರಲಿಲ್ಲ. ಎಂಜಿನ್ ಓಡುತ್ತಿರುವಂತೆಯೇ ಕಣ್ಣು ಮುಚ್ಚಿ, ಅಂಗೈಯಲ್ಲಿ ಏನೋ ತಿಕ್ಕುತ್ತ ಕೂತಿರುತ್ತಿದ್ದ. ಬರೆಯುವವನು ಕೆಳಗೆ ನಿಂತು ಕೈಮುಗಿದದ್ದೂ ಉಂಟು. ತಿಕ್ಕುತ್ತಿದ್ದದ್ದು ತಂಬಾಕು ಎಂದು ಆಮೇಲೆ ತಿಳಿಯಿತು.

ಅದು ಅವನ ಗಡಿಯಾರ. ಅದಿರು ಹೊತ್ತು ಏರು ಹತ್ತಿದ ಎಂಜಿನ್ನಿಗೆ ಗಾಳಿ ಊದುವ ಟರ್ಬೊ ಕೆಂಡವಾಗಿರುತ್ತದೆ. ಥಟ್ಟನೆ ಬಂದ್ ಮಾಡಿದರೆ ಆಯಿಲ್ ಓಡಾಟ ನಿಂತು, ಒಳಗಿದ್ದದ್ದು ಅಲ್ಲೇ ಸುಟ್ಟು ಕರಿ ಹಿಡಿಯುತ್ತದೆ. ತಂಬಾಕು-ಸುಣ್ಣ ಹದಕ್ಕೆ ಬರುವತನಕ, ಅಂದರೆ ಮೂರು ನಿಮಿಷ, ಅದು ಸುಮ್ಮನೆ ಓಡಬೇಕು. ಹನ್ನೊಂದು ವರ್ಷದಲ್ಲಿ ಅವನ ಟಿಪ್ಪರಿನ ಟರ್ಬೊ ಒಮ್ಮೆಯೂ ಬಿಚ್ಚಿಲ್ಲ. ವೆಂಕೋಬನ ಸೊಂಟ ಮಾತ್ರ ಎರಡು ಸಲ ರಿಪೇರಿಗೆ ಹೋಗಿ ಬಂದಿದೆ.

ಆರು ತಿಂಗಳ ಹಿಂದೆ ಬಂದ ಸೂಪರ್‌ವೈಸರ್ ಕನಕರಾಜನಿಗೆ ಇದು ಡೀಸೆಲ್ ದಂಡವಾಗಿ ಕಂಡಿತು. ನಿಂತ ಗಾಡಿಯ ಎಂಜಿನ್ ಓಡಿದರೆ, ಗಾಡಿಗೆ ಕೂರಿಸಿದ ಜಿಪಿಎಸ್‌ನಿಂದ ಸುದ್ದಿ ಹೋಗಿ ಅವನ ಮೊಬೈಲು ಕುಂಯ್ ಎನ್ನುತ್ತಿತ್ತು; ಕಾರ್ಖಾನೆಯೇ ತನ್ನನ್ನು ಹೆಸರು ಹಿಡಿದು ಕರೆದಂತೆ ಅವನು ಎದ್ದು ನಿಲ್ಲುತ್ತಿದ್ದ. ಉಳಿದ ಡ್ರೈವರುಗಳು ಹೆದರಿ ಬಂದ್ ಮಾಡತೊಡಗಿದರು. ವೆಂಕೋಬ ಮಾಡಲಿಲ್ಲ.

"ಇನ್ನೊಮ್ಮೆ ಕುಂಯ್ ಅಂದ್ರ ಕೀಲಿ ನನಗ, ವಾಚ್‌ಮನ್ ಕೋಲು ನಿನಗ," ಎಂದ ಕನಕರಾಜ.

ಆ ಸೀಟು ಬಿಟ್ಟರೆ ವೆಂಕೋಬನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಮತ್ತೆ ಕುಂಯ್ ಎಂದಿತು.

ಕನಕರಾಜ ಗೇಟಿನಿಂದ ಉರಿಬಿಸಿಲಲ್ಲಿ ದಡದಡ ನಡೆದು ಬರುವಷ್ಟರಲ್ಲಿ ವೆಂಕೋಬ ಎಂಜಿನ್ ಬಂದ್ ಮಾಡಿ, ಬೇವಿನ ಕಟ್ಟೆಯ ಮೇಲೆ ನೀರಿನ ಮಡಕೆಯ ಪಕ್ಕ ಕೂತು, ಮತ್ತೊಂದು ಚಿಟಿಕೆ ತಂಬಾಕು ಅಂಗೈಗೆ ಹಾಕಿಕೊಂಡಿದ್ದ. ಕನಕರಾಜ ಕೀಲಿ ಕಸಿದು ಜೇಬಿಗೆ ಹಾಕಿದ, ಏದುಸಿರು ಬಿಡುತ್ತ ಮಡಕೆಗೆ ಬಾಗಿದ. ವೆಂಕೋಬ ಕೈ ಅಡ್ಡ ಹಿಡಿದ.

"ಈಗ ಬ್ಯಾಡ್ರಿ ಸಾಹೇಬ್ರ. ಕುಂದರ್ರಿ, ಬೆವರು ಆರ್ಲಿ."

"ನೀರು ಕುಡ್ಯಾಕೂ ನಿನ್ನ ಪರ್ಮಿಶನ್ ಬೇಕೇನು?"

"ಬಿಸಲಾಗಿಂದ ಬಂದವ್ರನ್ನ ನಮ್ಮವ್ವ ಮೊದ್ಲು ಕಟ್ಟಿ ಮ್ಯಾಲ ಕುಂದರಸ್ತಿದ್ಲು. ನೀರಿನ ಚರಿಗಿ ಆಮ್ಯಾಲ. ಗಾಡೀಗೂ ನಾ ಅದನ್ನ ಮಾಡೂದ್ರಿ."

ಕನಕರಾಜ ಕೂತ. ಎದೆಬಡಿತ ಇಳಿಯಲು ತಂಬಾಕು ಹದಕ್ಕೆ ಬರುವಷ್ಟೇ ಹೊತ್ತು ಹಿಡಿಯಿತು. ಎದುರಿಗೆ ಟರ್ಬೊ ಸುಟ್ಟ ಎರಡು ಟಿಪ್ಪರ್ ಬಾಯಿ ತೆರೆದು ನಿಂತಿದ್ದವು. ಎರಡೂ ಅವನ ಮೊಬೈಲಿನ ಮಾತು ಚಾಚೂ ತಪ್ಪದೆ ಕೇಳಿದಂಥವು.

ಅವನು ನೀರು ಕುಡಿದ. ಕೀಲಿ ತೆಗೆದು ಕಟ್ಟೆಯ ಮೇಲಿಟ್ಟ. ಆದರೆ ಸುಮ್ಮನೆ ಎದ್ದು ಹೋದರೆ ಹುದ್ದೆಯ ಮರ್ಯಾದೆ ಏನಾಗಬೇಕು?

"ಅಲ್ಲೋ ವೆಂಕೋಬ, ದಣಿಯಾಕ ಎಂಜಿನ್ ಏನ್ ಮನುಷ್ಯಾನ?"

ವೆಂಕೋಬ ತಂಬಾಕು ತುಟಿಯಡಿ ಇಟ್ಟು, ಸೊಂಟ ಹಿಡಿದು ಎದ್ದ.

"ಅಲ್ರಿ. ಮನುಷ್ಯಾ ಆಗಿದ್ರ ಇಷ್ಟೊತ್ತಿಗೆ ನಿಮಗ ಬೈತಿತ್ತು."