ಅಂಗಾಲು ಕಾಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ, ಎಲ್ಲರೂ ಬರೀ ಅಕ್ಕ ಎಂದು ಕರೆಯುವ ಹೆಂಗಸು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಫೋನಿನ ಪರದೆಯಲ್ಲಿ ಒಂದು ಅಂಗಾಲನ್ನು ಹಿಗ್ಗಿಸಿ ನೋಡುತ್ತಿದ್ದಾರೆ. ಹಿಮ್ಮಡಿಯ ಬಿರುಕು, ಬೆರಳಸಂದಿಯ ತೇವ. ಸರಿಯಿದ್ದರೆ ಎತ್ತಿದ ಹೆಬ್ಬೆರಳಿನ ಒಂದು ಚಿತ್ರ ಕಳಿಸಿ ಮುಂದಿನ ಪಾದಕ್ಕೆ ಹೋಗುತ್ತಾರೆ.

ಸಕ್ಕರೆ ಕಾಯಿಲೆ ಹಳತಾದರೆ ಎಷ್ಟೋ ಜನರ ಪಾದಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಗಾಯವಾದರೂ ನೋವಿಲ್ಲ, ನೋವಿಲ್ಲವೆಂದು ಗಮನವಿಲ್ಲ. ಆ ಮೌನದಲ್ಲೇ ಕೀವು ಮೂಳೆಗೆ ಇಳಿಯುತ್ತದೆ. ಹಾಗಾಗಿ ಚಿಕಿತ್ಸೆ ಮುಗಿಸಿ ಮನೆಗೆ ಹೋದವರು ದಿನಾ ಬೆಳಿಗ್ಗೆ ಅಂಗಾಲಿನ ಫೋಟೋ ಕಳಿಸಬೇಕು. ಈಗ ನೂರಕ್ಕೂ ಹೆಚ್ಚು ಮಂದಿ ಕಳಿಸುತ್ತಾರೆ. ಅನುಮಾನ ಬಂದದ್ದನ್ನು ಅಕ್ಕ ಡಾಕ್ಟರಿಗೆ ದಾಟಿಸುತ್ತಾರೆ.

ಗಂಡ ತೀರಿಕೊಂಡ ಮೇಲೆ ನೆಲ ಒರೆಸುವ ಕೆಲಸಕ್ಕೆ ಸೇರಿ, ನರ್ಸುಗಳ ಕೈ ನೋಡಿ ಡ್ರೆಸ್ಸಿಂಗ್ ಕಲಿತವರು ಅವರು. "ಮಗಳು ನಗ್ತಾಳೆ. ಬೇರೆಯವರ ಫೋನಲ್ಲಿ ಮೊಮ್ಮಕ್ಕಳು, ನಮ್ಮಮ್ಮನ ಫೋನಲ್ಲಿ ಕಂಡೋರ ಕಾಲು ಅಂತ."

ಈಗ ಬಂದದ್ದು ಒಬ್ಬ ದರ್ಜಿಯ ಪಾದ. ಮಂಡಿಯ ಮೇಲೆ ಕಾಲಿಟ್ಟು ತಾವೇ ತೆಗೆದದ್ದು. ಹಿಂದೆ ಅಂಗಡಿಯ ನೆಲದ ಮೇಲೆ ನೀಲಿ ಬಟ್ಟೆಯ ಚೂರು. ಅಕ್ಕ ನಿನ್ನೆಯದನ್ನು ತೆರೆಯುತ್ತಾರೆ. ಅದೇ ಚೂರು, ಅದೇ ಮಡಿಕೆ. ಮೊನ್ನೆಯದರಲ್ಲೂ. ದಿನಾ ಗುಡಿಸುವ ಅಂಗಡಿಯಲ್ಲಿ ಚೂರುಬಟ್ಟೆ ಮೂರು ದಿನ ಕದಲದೆ ಕೂತಿರುತ್ತದೆಯೇ? ಫೋನು ಮಾಡಿಯೇಬಿಡುತ್ತಾರೆ.

"ಯಜಮಾನ್ರೇ, ಹಳೇ ಫೋಟೋನೇ ಯಾಕೆ ಕಳಿಸ್ತಿದೀರಿ?"

"ಅಯ್ಯೋ, ಗುಂಡುಕಲ್ಲಿನ ಹಾಗಿದೀನಿ ತಾಯಿ!"

"ಕಲ್ಲಿಗೆ ನೋವು ಗೊತ್ತಾಗಲ್ಲ, ಅದೇ ನನಗೆ ಭಯ. ಫೋನು ಮನೆಯವರ ಕೈಗೆ ಕೊಡಿ."

ಆಚೆ ಗುಸುಗುಸು. ಆಮೇಲೆ ಹೆಂಡತಿಯ ದನಿ: "ನಾನೂ ಬಡ್ಕೊಂಡೆ ಅಕ್ಕ, ಕೇಳಿದ್ರೆ ತಾನೆ! ಊರವರಿಗೆಲ್ಲ ಅಳತೆ ತಗೋತಾರೆ, ತಮ್ಮ ಕಾಲು ಮಾತ್ರ ಯಾರಿಗೂ ತೋರಿಸಲ್ಲ."

ವಿಡಿಯೊ ಕರೆಯಲ್ಲಿ ಕಂಡದ್ದು ಹೆಬ್ಬೆರಳ ಬುಡದಲ್ಲೊಂದು ಕಪ್ಪು ಚುಕ್ಕೆ, ಸುತ್ತ ಊತ. ಅಕ್ಕ ಅದನ್ನು ತೋರಿಸಿದಾಗ, ಈಗಲೇ ಕರೆಸಿ ಎನ್ನುತ್ತಾರೆ ಡಾಕ್ಟರು.

ದರ್ಜಿ ಬಂದ ಮೇಲೆ ಡಾಕ್ಟರು ಊತ ಕೊಯ್ದು ನೋಡಿದರೆ, ಒಳಗಿದ್ದದ್ದು ಮುರಿದ ಸೂಜಿಯ ತುದಿ. ಅಂಗಡಿಯಲ್ಲಿ ಹೊಲಿಯಬೇಕಾದ ಮದುವೆ ಬಟ್ಟೆಗಳು ರಾಶಿ ಬಿದ್ದಿವೆ. ಆಸ್ಪತ್ರೆಗೆ ಹೋದರೆ ಮಷೀನು ತುಳಿಯಬೇಡ ಎಂದಾರು ಎಂಬ ಭಯಕ್ಕೆ ದರ್ಜಿ ಬಾವು ಮುಚ್ಚಿಟ್ಟಿದ್ದರು. ಇನ್ನೆರಡು ದಿನ ಬಿಟ್ಟಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎನ್ನುತ್ತಾರೆ ಡಾಕ್ಟರು. ಅಕ್ಕ ಗಾಯ ತೊಳೆದು ಪಟ್ಟಿ ಕಟ್ಟುತ್ತಾರೆ.

"ಬೈಯಲ್ವಾ ತಾಯಿ?"

"ಬೈದ್ರೆ ಮುಂದಿನ ಸಲ ಇನ್ನೂ ಚೆನ್ನಾಗಿ ಸುಳ್ಳು ಹೇಳ್ತೀರಿ."

ಇಷ್ಟೆಲ್ಲ ಮಾಡುವ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಅಕ್ಕ ಫೋನಿನಲ್ಲಿ ಮುಂದಿನ ಫೋಟೋ ತೆರೆಯುತ್ತಾರೆ. "ನನಗೇನು ಬೇಕು? ಒಬ್ಬೊಬ್ಬರಿಂದ ಎರಡೆರಡು ಪಾದ ಬರ್ತಾನೇ ಇರಬೇಕು. ಅಷ್ಟೇ."