ವಾರಕ್ಕೆ ಏಳು ಸೋಮವಾರ

ಒದ್ದೆ ಹತ್ತಿಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ಆವಿಗೆ ಒಂದು ವಾಸನೆಯಿದೆ. ಮೊನ್ನೆ ಅಂಗಿಗೆ ಇಸ್ತ್ರಿ ಹಾಕುವಾಗ ಅದು ಮೂಗಿಗೆ ಬಡಿದು, ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೇಲರ್ ಮಾವ ನೆನಪಾದರು. ವಾಸನೆ ನೆನಪನ್ನು ಎಬ್ಬಿಸುತ್ತದೆ, ಸರಿ. ಎಬ್ಬಿಸಿದ್ದೆಲ್ಲ ನಡೆದದ್ದೇ ಎಂದು ನಂಬಲು ಮನಶ್ಶಾಸ್ತ್ರ ಓದಿದ ನನಗೆ ಆಗುವುದಿಲ್ಲ. ಅವರ ಅಂಗಡಿಯ ಶಟರ್ ನೀಲಿಯೋ ಹಸಿರೋ… ಇರಲಿ.

ಮಾವ ದಿನಾ ಸಂಜೆ ಶಟರ್ ಎಳೆದು ನೇರ ಬ್ರಾಂದಿ ಅಂಗಡಿಗೆ ಹೋಗುತ್ತಿದ್ದರು. ಬೆಳಿಗ್ಗೆ ತಲೆ ಭಾರ. ಒಮ್ಮೆ ಸಾಲಿ ಮಾಸ್ತರರೊಬ್ಬರ ಅಂಗಿಗೆ ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿಬಿಟ್ಟರು. ಮಾವನ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ಅಂದೇ ಕತ್ತರಿ ಕಸಿದು ಟ್ರಂಕಿಗೆ ಹಾಕಿ ಬೀಗ ಜಡಿದರು.

"ಕುಡಿಯೋದು ಬಿಟ್ಟ ಮ್ಯಾಲೆ ಇಸ್ಕೊಳ್ರಿ. ಅಲ್ಲೀಮಟ ಗುಂಡಿ ಹಚ್ಕೊಂಡು ಕುಂದರ್ರಿ."

ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಅರ್ಧ ಕಲಿತದ್ದನ್ನು ಪೂರ್ತಿ ಹೇಳುವ ವಯಸ್ಸು. ರಜೆಗೆ ಬಂದವನು ಗುಂಡಿ ಹಚ್ಚುತ್ತ ಕೂತ ಮಾವನಿಗೆ ಮೆದುಳಿನ ಪಾಠ ಶುರುಮಾಡಿದೆ. ಸುಖ ಸಿಕ್ಕ ದಾರಿಯನ್ನು ಮೆದುಳು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಬಾಟಲಿ ಕಾಣಬೇಕಿಲ್ಲ, ಶಟರಿನ ಸದ್ದೇ ಸಾಕು, ಡೋಪಮಿನ್ ಏರಿ ಆಸೆ ಹುಟ್ಟುತ್ತದೆ ಎಂದೆ.

ಮಾವ ಹಲ್ಲಿನಿಂದ ದಾರ ಹರಿದು ಕೇಳಿದರು: "ಲೇ ತಮ್ಮ, ಸೋಮವಾರನೂ ಅದೇ ಶಟರ್ ಎಳಿತೀನಿ. ಅವತ್ಯಾಕ ಆಸೆ ಬರಂಗಿಲ್ಲ?"

ಸೋಮವಾರ ನಮ್ಮೂರ ಸ್ವಾಮಿಯ ವಾರ. ಮಾವ ಅಂದು ಮುಟ್ಟುತ್ತಿರಲಿಲ್ಲ. ಸಂಜೆ ಜಳಕ ಮಾಡಿ, ವಿಭೂತಿ ಧರಿಸಿ, ಗುಡಿಗೆ ಹೋಗಿ, ಮಂಡಕ್ಕಿ ತಿಂದು ಮಲಗುತ್ತಿದ್ದರು. ನಾನು ಎರಡು ದಿನ ಪುಸ್ತಕ ತಿರುವಿ ಬಂದು ಹೇಳಿದೆ: ಇವತ್ತು ಸಿಗುವುದೇ ಇಲ್ಲ ಎಂದು ಖಚಿತವಾದರೆ ಮೆದುಳು ಅಷ್ಟು ಹಟ ಮಾಡುವುದಿಲ್ಲ.

"ಹಂಗಾದ್ರ ಎಲ್ಲಾ ದಿನ ಸೋಮವಾರ ಮಾಡಿದ್ರಾತು," ಎಂದರು ಮಾವ. ಅಥವಾ ಹಾಗೆಂದದ್ದು ಅತ್ತೆಯೋ…

ಮಂಗಳವಾರ ಸಂಜೆ ಅತ್ತೆ ನೀರು ಕಾಯಿಸಿ, "ಸೋಮವಾರ ಆತು, ಏಳ್ರಿ," ಎಂದರು. ಮಾವ ಎದ್ದು ಗುಡಿಗೆ ಹೋಗಿ ಬಂದರು. ಬುಧವಾರವೂ ಹೋದರು, ಆದರೆ ಗುಡಿಯಿಂದ ವಿಭೂತಿ ಒರೆಸಿಕೊಂಡು ಸೀದಾ ಬ್ರಾಂದಿ ಅಂಗಡಿಗೆ. ಮರುದಿನ ನಾನು ಮುಖ ಸಣ್ಣ ಮಾಡಿಕೊಂಡಿದ್ದರೆ ಮಾವ ನಗುತ್ತಿದ್ದರು.

"ತಲಿಗೆ ಬುಧವಾರ ಅಂತ ಗೊತ್ತಾಗಿಬಿಡ್ತಲೇ. ಹೊಲಿಗಿ ತಪ್ಪಿದ್ರ ಬಿಚ್ಚಿ ಮತ್ತ ಹೊಲಿತೀವೋ, ಬಟ್ಟಿನ ಬಿಸಾಕ್ತೀವೋ?"

ಗುರುವಾರ ಮತ್ತೆ ಸೋಮವಾರವಾಯಿತು. ಓಣಿಗೆಲ್ಲ ತಿಳಿದು, ಎದುರು ಸಿಕ್ಕವರು "ಇವತ್ತೂ ಸೋಮವಾರ ಏನ್ರಿ ಟೇಲರ್?" ಎಂದು ಕಾಡಿಸತೊಡಗಿದರು. ಆ ಲೇವಡಿಯೂ ಕೆಲಸ ಮಾಡಿರಬೇಕು. ನಾನು ಮುಂದಿನ ರಜೆಗೆ ಬಂದಾಗ ಅತ್ತೆ ತಮ್ಮದೇ ರೇಷ್ಮೆ ಕುಪ್ಪಸದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಕತ್ತರಿ ತಂದಿಟ್ಟರು. ಮಾವ ಗೆರೆ ಎಳೆದು ಒಂದೇ ಉಸಿರಿಗೆ ಕತ್ತರಿಸಿದರು. ಅತ್ತೆ ಎರಡೂ ತೋಳುಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಎಡ, ಒಂದು ಬಲ. ಇಷ್ಟರ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಈಗ ನಾನೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಚಟದ ದಾರಿಯಲ್ಲಿ ನಡೆಯುವುದನ್ನು ಬಿಟ್ಟರೆ ಹುಲ್ಲು ಬೆಳೆದು ಮುಚ್ಚಿಹೋಗುತ್ತದೆ ಎಂದು ಮಾವನ ಕತೆ ಹೇಳಿ ಹುಡುಗರನ್ನು ನಗಿಸುತ್ತ ಬಂದಿದ್ದೇನೆ. ಹೋದ ವರ್ಷ ಮಾವ ತೀರಿಕೊಂಡರು. ಕೊನೆಯವರೆಗೂ ಕತ್ತರಿ ಅವರ ಕೈಯಲ್ಲೇ ಇತ್ತು. ನಿನ್ನೆ ಅತ್ತೆಯನ್ನು ನೋಡಲು ಹೋದಾಗ, ಆ ಆಸೆ ಪೂರ್ತಿ ಹೋದದ್ದು ಯಾವಾಗ ಎಂದು ಕೇಳಿದೆ.

"ಎಲ್ಲಿ ಹೋಗಿತ್ತಪ್ಪ? ದಿನಾ ಶಟರ್ ಎಳೆಯೋ ಹೊತ್ತಿಗೆ ಬರತಿತ್ತು. ಅಂಗಡಿ ಕಟ್ಟಿ ಮ್ಯಾಲೆ ಕಣ್ಣು ಮುಚ್ಕೊಂಡು ಕುಂದ್ರತಿದ್ರು. ಅದು ಹೋದ ಮ್ಯಾಲೆ ಏಳತಿದ್ರು."

ಹಾಗೆ ಕೂತವರನ್ನು ನಾನು ಪ್ರತಿ ರಜೆಯಲ್ಲೂ ಕಂಡಿದ್ದೆ. ಜಪ ಮಾಡುತ್ತಿದ್ದಾರೆ, ಕದಡಬಾರದು ಎಂದುಕೊಂಡು, ಚಪ್ಪಲಿಯ ಸದ್ದಾಗದಂತೆ ದಾಟಿ ಹೋಗುತ್ತಿದ್ದೆ.